ಬೆಳೆ ಕೈಕೊಟ್ಟ ವರ್ಷದ ಹಬ್ಬಗಳು

ಹಗೇವಿನಲ್ಲಿ ಕಾಳು ಇದೆಯೋ ಇಲ್ಲವೋ ಎಂದು ಇಣಿಕಿ ನೋಡಿ ಹಬ್ಬವು ಊರೊಳಗೆ ಬರುವುದಿಲ್ಲ. ಅದು ಬರುವುದು ಪಂಚಾಂಗ ನೋಡಿ. ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ನಮ್ಮ ಒಕ್ಕಲು ಮಕ್ಕಳಿಗೆ ಮಹಾನವಮಿಯಿಂದ ಎಳ್ಳಮಾವಾಸ್ಯೆಯವರೆಗಿನ ಮೂರು ತಿಂಗಳು ಹಬ್ಬಗಳ ಸಾಲೂ ಹೌದು, ಹಿಂಗಾರಿ ಬಿತ್ತನೆಯ ಹೊತ್ತೂ ಹೌದು. ಮುಂಗಾರಿಯ ಉದ್ದು, ಹೆಸರು, ಸೋಯಾಬೀನ ಕೈಗೆ ಬಂದಿದ್ದರೆ ಕಿಸೆಯಲ್ಲಿ ನಾಲ್ಕು ದುಡ್ಡು ಇರುತ್ತದೆ. ಬಾರದಿದ್ದರೆ ಜೋಳ ಬಿತ್ತುವ ಖರ್ಚು, ಹಬ್ಬದ ಖರ್ಚು ಎರಡೂ ಒಂದೇ ವಾರದಲ್ಲಿ ಬಾಗಿಲಿಗೆ ಬಂದು ನಿಲ್ಲುತ್ತವೆ.

ವರ್ಷಕ್ಕೆ ಇಪ್ಪತ್ತು ಇಂಚಿನ ಆಸುಪಾಸು ಮಳೆ ಬೀಳುವ ಸೀಮೆ ನಮ್ಮದು. ಬರವೆಂದರೆ ನಮಗೆ ಹೊಸತಲ್ಲ. 1972ರ ಬರದಲ್ಲಿ ಖಡಿ ಒಡೆದು, ಪರದೇಶದಿಂದ ಬಂದ ಮಿಲೋ ಎಂಬ ಕೆಂಪು ಜೋಳದ ರೊಟ್ಟಿ ತಿಂದು ದೀಪಾವಳಿ ಕಳೆದವರು ಇನ್ನೂ ನಮ್ಮ ಕಟ್ಟೆಗಳ ಮೇಲೆ ಕುಳಿತಿದ್ದಾರೆ. ಆದರೆ ಈಚೆಗೆ ಇದೇ ಸೀಮೆಗೆ ನೀರಿನ ಕಾಟವೂ ಬಂದಿದೆ. 2020ರ ಅಕ್ಟೋಬರದಲ್ಲಿ ಮಳೆ ಹೊಡೆದು ಅಕ್ಕಲಕೋಟದ ಹೊಲಗಳ ಮಣ್ಣೇ ಕೊಚ್ಚಿ ಹೋಯಿತು. ಆಗ ದಸರೆ ಹತ್ತೇ ದಿನ ದೂರವಿತ್ತು. 2025ರ ಸೆಪ್ಟೆಂಬರದ ಕೊನೆಗೆ ಸೀನಾ ಹೊಳೆ ಉಕ್ಕಿ ಸೊಲ್ಲಾಪುರ ಜಿಲ್ಲೆಯ ಊರುಗಳಿಗೆ ನುಗ್ಗಿತು. ಅಕ್ಟೋಬರ 2ಕ್ಕೆ ವಿಜಯದಶಮಿ. ಮನೆಯೊಳಗಿನ ಕೆಸರು ಬಳಿಯುತ್ತಲೇ ಬನ್ನಿ ಕೊಟ್ಟು ಬಂಗಾರವೆಂದವರು ಎಷ್ಟೋ ಮಂದಿ. ಇಂಥ ವರ್ಷಗಳಲ್ಲಿ ಮೈಯನ್ನೂ ಮನಸ್ಸನ್ನೂ ನೆಟ್ಟಗೆ ಇಟ್ಟುಕೊಳ್ಳುವುದು ಹೇಗೆ ಎಂಬುದನ್ನು ಈ ಸಲ ಒಕ್ಕಲುತನದ ಪುಟದಲ್ಲೇ ಬರೆಯಬೇಕೆನಿಸಿತು. ಒಕ್ಕಲಿಗನೇ ಹಾಸಿಗೆ ಹಿಡಿದರೆ ಮಾಲದಂಡಿಯ ಬೀಜೋಪಚಾರ ಹೇಳಿ ನಾವು ಮಾಡುವುದೇನು?

ಮೊದಲು ಹಣದ ಮಾತು. ಹಬ್ಬದ ದಿನ ಮುಖ ಬಾಡುವುದಕ್ಕೆ ಬಹಳ ಮನೆಗಳಲ್ಲಿ ಇದೇ ಮೂಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಬಟ್ಟೆಬರೆಗೆಂದು 8000 ರೂಪಾಯಿ ತಂದಿರೆಂದು ಇಟ್ಟುಕೊಳ್ಳಿ. ತಿಂಗಳಿಗೆ 240 ರೂಪಾಯಿ ಬಡ್ಡಿ. ಜೋಳ ಕಿತ್ತು, ರಾಶಿ ಮಾಡಿ, ಮಾರಿ ತೀರಿಸುವುದಕ್ಕೆ ಐದು ತಿಂಗಳಾದರೆ 1200. ಜೋಳವೂ ಕೈಕೊಟ್ಟು ಮುಂದಿನ ದೀಪಾವಳಿಗೆ ಹೋದರೆ 2880. ಅಷ್ಟು ಹೊತ್ತಿಗೆ ಆ ಬಟ್ಟೆ ಹರಿದಿರುತ್ತದೆ. ಇದೇ ಹೊತ್ತಿನಲ್ಲಿ ಐದು ಎಕರೆಗೆ ಬೇಕಾಗುವ ಜೋಳದ ಬೀಜವೆಷ್ಟು? ಎಕರೆಗೆ 4 ಕಿಲೋದಂತೆ 20 ಕಿಲೋ. ಸಾಲ ಮಾಡಲೇಬೇಕಾದರೆ ಬೀಜಕ್ಕೆ ಮಾಡಬೇಕು, ಜರಿಯಂಚಿಗೆ ಮಾಡಬಾರದು ಎಂಬುದೇ ನಮ್ಮ ಅಭಿಪ್ರಾಯ. ಬಚತ ಗಟದಲ್ಲಿ ಹೆಣ್ಣುಮಕ್ಕಳು ಕೂಡಿಸಿಟ್ಟ ಹಣಕ್ಕೆ ಬಡ್ಡಿ ಕಡಿಮೆ. ಆದರೆ ಅದನ್ನು ಅವರನ್ನು ಕೇಳಿ ತೆಗೆಯಬೇಕು, ಅವರ ಹೆಸರಿನಲ್ಲಿ ಗಂಡಸರು ಎತ್ತಿ ತರುವುದು ಸಲ್ಲದು.

ಈ ವರ್ಷ ಇಷ್ಟೇ ಎಂದು ಮಕ್ಕಳಿಗೆ ಮೊದಲೇ ಹೇಳಿಬಿಡುವುದು ಲೇಸು. ಹಬ್ಬದ ಮುಂಜಾನೆ ಹೇಳಿದರೆ ಅಳುತ್ತಾರೆ. ಹದಿನೈದು ದಿನ ಮುಂಚೆ ಹೇಳಿ, ಆಕಾಶಬುಟ್ಟಿ ಕಟ್ಟುವ ಕೆಲಸಕ್ಕೆ ಹಚ್ಚಿದರೆ ಆ ಗದ್ದಲದಲ್ಲಿ ಮರೆಯುತ್ತಾರೆ. ದನಗಾಹಿ ಹುಡುಗರು ದೀಪ ಹಿಡಿದು ಆಣಿಪೀಣಿ ಹಾಡುತ್ತ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗುವುದಕ್ಕೆ ಒಂದು ಮಿಳ್ಳಿ ಎಣ್ಣೆ ಬಿಟ್ಟರೆ ಬೇರೆ ಖರ್ಚಿಲ್ಲ. ಸಗಣಿಯ ಪಾಂಡವರಿಗೂ ಪೇಟೆಯಿಂದ ಏನೂ ತರಬೇಕಾಗಿಲ್ಲ. ಹಾಡು ಬಲ್ಲ ಮುದುಕರು ಊರಲ್ಲಿರುವಾಗಲೇ ಹುಡುಗರಿಗೆ ಕಲಿಸಿಕೊಂಡರೆ ನಮ್ಮ ಕನ್ನಡದ ಒಂದು ಸೊಲ್ಲೂ ಉಳಿದೀತು.

ಇನ್ನು ನೀರು. ನೆರೆ ಬಂದುಹೋದ ಊರಿನಲ್ಲಿ ಹಬ್ಬದ ಬೆನ್ನಿಗೇ ವಾಂತಿಭೇದಿ ಬರುವುದುಂಟು. ನೆಂಟರು ಬರುತ್ತಾರೆ, ಬಾವಿಗೆ ಕೊಡಗಳು ಹೆಚ್ಚುತ್ತವೆ, ನೀರು ಮಾತ್ರ ಕೆಟ್ಟಿರುತ್ತದೆ. ಬ್ಲೀಚಿಂಗ ಪುಡಿ ಹಾಕುವವರು ಒಂದು ಬೊಗಸೆ ಎಸೆದು ಕೈ ತೊಳೆದುಕೊಳ್ಳುವುದನ್ನು ನಾವು ಎಷ್ಟೋ ಕಡೆ ನೋಡಿದ್ದೇವೆ. ಅದು ಲೆಕ್ಕದ ಕೆಲಸ. ಬಾವಿಯ ಅಡ್ಡಳತೆಯನ್ನು ಮೀಟರಿನಲ್ಲಿ ಅಳೆಯಿರಿ; ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ನೆನೆದ ಹಗ್ಗದ ಉದ್ದದಿಂದ ನೀರಿನ ಆಳ ತಿಳಿಯಿರಿ. ಅಡ್ಡಳತೆಯನ್ನು ಅಡ್ಡಳತೆಯಿಂದಲೇ ಗುಣಿಸಿ, ಬಂದದ್ದನ್ನು ಆಳದಿಂದ ಗುಣಿಸಿ, ಮತ್ತೆ 0.785ರಿಂದ ಗುಣಿಸಿದರೆ ಎಷ್ಟು ಘನ ಮೀಟರು ನೀರಿದೆ ಎಂಬುದು ಸಿಗುತ್ತದೆ. ಒಂದು ಘನ ಮೀಟರಿಗೆ ಸಾವಿರ ಲೀಟರು. ಅಡ್ಡಳತೆ 3 ಮೀಟರು, ಆಳ 4 ಮೀಟರು ಇದ್ದರೆ ಸುಮಾರು 28 ಸಾವಿರ ಲೀಟರಾಯಿತು. ಸಾವಿರ ಲೀಟರಿಗೆ ಒಳ್ಳೆಯ ಪುಡಿ ಎರಡೂವರೆ ಗ್ರಾಮಿನಂತೆ 70 ಗ್ರಾಂ ಬೇಕು. ನಾಲ್ಕನೆಯ ತರಗತಿಯ ಹುಡುಗನೂ ಮಾಡಬಲ್ಲ ಲೆಕ್ಕ, ಹುಡುಗರಿಂದಲೇ ಮಾಡಿಸಿ.

ಪುಡಿಯನ್ನು ನೇರವಾಗಿ ಬಾವಿಗೆ ಚೆಲ್ಲಬಾರದು. ಬಕೀಟಿನಲ್ಲಿ ಸ್ವಲ್ಪ ನೀರು ಹಾಕಿ ಹಿಟ್ಟಿನ ಹಾಗೆ ಕಲಸಿ, ಮುಕ್ಕಾಲು ಬಕೀಟು ನೀರು ಸೇರಿಸಿ ಕದಡಿ, ಐದು ಹತ್ತು ನಿಮಿಷ ಬಿಡಬೇಕು. ಸುಣ್ಣ ಕೆಳಗೆ ಕೂಡುತ್ತದೆ. ಮೇಲಿನ ತಿಳಿಯನ್ನು ಬೇರೆ ಬಕೀಟಿಗೆ ಬಸಿದು, ಅದನ್ನು ಬಾವಿಗೆ ಇಳಿಬಿಟ್ಟು ನೀರಿನೊಳಗೆ ಮೇಲೆ ಕೆಳಗೆ ಆಡಿಸಬೇಕು. ತಳದ ಸುಣ್ಣ ಬಾವಿಗೆ ಬೇಡ. ರಾತ್ರಿ ಹಾಕಿ ಮುಂಜಾನೆ ಸೇದುವುದು ಉತ್ತಮ. ಏನಿದ್ದರೂ ಒಂದು ತಾಸಾದರೂ ಬಿಡಬೇಕು. ಕೆಸರು ನೀರಿಗೆ ಈ ಪುಡಿ ನಾಟುವುದಿಲ್ಲ, ಆದ್ದರಿಂದ ನೆರೆಯ ರಾಡಿಯನ್ನು ಆದಷ್ಟು ಮೋಟರಿನಿಂದ ಎತ್ತಿ ಹೊರಚೆಲ್ಲಿದ ಮೇಲೆಯೇ ಈ ಕೆಲಸ. ಬಾಯಿ ಬಿಚ್ಚಿ ಪಂಚಾಯತಿಯ ಮೂಲೆಯಲ್ಲಿಟ್ಟ ಹಳೆಯ ಚೀಲದ ಪುಡಿಯಲ್ಲಿ ಕಸುವು ಉಳಿದಿರುವುದಿಲ್ಲವೆಂಬುದೂ ತಿಳಿದಿರಲಿ. ಇಷ್ಟೆಲ್ಲ ಆಗದ ಮನೆಯವರು ಕುಡಿಯುವ ನೀರನ್ನು ಕೊತಕೊತ ಕುದಿಸಿ, ಬಾಯಿ ಸಣ್ಣದಿರುವ ಪಾತ್ರೆಯಲ್ಲಿ ಮುಚ್ಚಿಡಬೇಕು.

ಮಕ್ಕಳಿಗೆ ಭೇದಿ ಹತ್ತಿದರೆ ಆಶಾ ಕಾರ್ಯಕರ್ತೆಯ ಹತ್ತಿರ ಓ.ಆರ್.ಎಸ್. ಪೊಟ್ಟಣವೂ ಜಿಂಕ್ ಗುಳಿಗೆಯೂ ಸಿಗುತ್ತವೆ. ಪೊಟ್ಟಣ ಸಿಗುವವರೆಗೆ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಆರು ಚಹದ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡನ್ನೂ ತಲೆ ಸಮ ಮಾಡಿ ಹಾಕಿ, ಕಲಸಿ, ಗುಟುಕು ಗುಟುಕಾಗಿ ಕುಡಿಸಿ. ಮೊಲೆಹಾಲು ನಿಲ್ಲಿಸಬೇಡಿ. ಕಣ್ಣು ಒಳಸೇರಿದರೆ, ಮಗು ಮಂಕಾದರೆ, ಉಚ್ಚೆ ನಿಂತರೆ ತಡಮಾಡದೆ ದವಾಖಾನೆಗೆ ಒಯ್ಯಿರಿ. ಹಬ್ಬದ ದಿನವೆಂದು ಸಂಜೆಯವರೆಗೆ ಕಾಯುವುದು ಬೇಡ.

ಊಟದ ವಿಷಯದಲ್ಲಿ ಬಡತನ ನಮ್ಮನ್ನು ಅಷ್ಟಾಗಿ ಹೆದರಿಸಬೇಕಿಲ್ಲ. ಪೇಟೆಯ ಪೇಢೆಗಿಂತ ಶೇಂಗಾ ಬೆಲ್ಲದ ಉಂಡೆಯೇ ಕಸುವಿನ ತಿನಿಸು. ಶೇಂಗಾದ ಕಾಲು ಭಾಗ ಸಸಾರಜನಕ, ಅರ್ಧಕ್ಕೆ ಸಮೀಪ ಎಣ್ಣೆ. ಸಜ್ಜೆಯಲ್ಲಿ ಕಬ್ಬಿಣದ ಅಂಶ ಅಕ್ಕಿಗಿಂತ ಬಹಳ ಹೆಚ್ಚು. ಎಳ್ಳಿನಲ್ಲಿ ಸುಣ್ಣದ ಅಂಶ ಹೇರಳ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಅಥವಾ ಅಗಸಿ ಹಿಂಡಿ, ಮೇಲೊಂದು ಲಿಂಬೆಹೋಳು ಇದ್ದರೆ ರಕ್ತ ಕಡಿಮೆಯಾದ ಹೆಣ್ಣುಮಗಳಿಗೆ ಅದೇ ಹಬ್ಬದೂಟ. ಲಿಂಬೆಯ ಹುಳಿ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ, ಊಟದ ಬೆನ್ನಿಗೆ ಕುಡಿದ ಚಹಾ ಅದನ್ನು ತಡೆಯುತ್ತದೆ. ಆದರೆ ಈ ಊಟ ಆಕೆಗೆ ಸಿಗಬೇಕಲ್ಲ! ಹಬ್ಬದ ದಿನ ನಸುಕಿನಿಂದ ಒಲೆಯ ಮುಂದೆ ಕುಳಿತವಳು ಎಲ್ಲರೂ ಉಂಡೆದ್ದ ಮೇಲೆ ತಳದ ಸಾರು ಬಳಿದುಕೊಳ್ಳುವುದು ನಮ್ಮ ಮನೆಗಳ ಹಳೆಯ ರೂಢಿ. ಕಾಳು ಕಡಿಮೆಯಾದ ವರ್ಷದಲ್ಲಿ ಆ ತಳವೂ ಇರುವುದಿಲ್ಲ. ಎಲ್ಲರ ಎಲೆ ಒಟ್ಟಿಗೇ ಹಾಕಿರೆಂದು ಮನೆಯ ಹಿರಿಯರೇ ಹೇಳಬೇಕು.

ನವರಾತ್ರಿಯ ಉಪವಾಸಕ್ಕೆ ಸಾಬೂದಾಣಿ ನಮ್ಮಲ್ಲಿ ಬಹಳ. ಅದು ಬರೀ ಗಂಜಿಯ ಸತ್ವ. ಶೇಂಗಾ ಪುಡಿ ಧಾರಾಳವಾಗಿ ಬಿದ್ದರಷ್ಟೇ ಹೊಟ್ಟೆಗೆ ಆಧಾರ. ಸಕ್ಕರೆ ಬೇನೆಯ ಗುಳಿಗೆ ಅಥವಾ ಸೂಜಿ ತೆಗೆದುಕೊಳ್ಳುವವರು ಉಪವಾಸವಿದ್ದರೆ ತಲೆ ತಿರುಗಿ ಬೀಳುವ ಭಯವಿದೆ. ವೈದ್ಯರನ್ನು ಕೇಳದೆ ಹಿಡಿಯಬಾರದು. ಬಸುರಿಯರಿಗಂತೂ ಬೇಡವೇ ಬೇಡ.

ದನಗಳಿಗೂ ಒಂದು ಮಾತು. ಹಬ್ಬದ ಪ್ರೀತಿಗೆಂದು ಎತ್ತಿಗೆ ಬುಟ್ಟಿಗಟ್ಟಲೆ ಅನ್ನ, ಹೋಳಿಗೆ, ಜೋಳ ತಿನ್ನಿಸಿದರೆ ಹೊಟ್ಟೆಯಲ್ಲಿ ಹುಳಿಯೇರಿ ಉಬ್ಬರಿಸಿ ಸಾಯುವುದುಂಟು. ಒಂದು ತುತ್ತು ಸಾಕು. ಮಳೆಯಿಲ್ಲದೆ ಗಿಡ್ಡಾಗಿ ಬಾಡಿದ ಎಳೆ ಜೋಳದಲ್ಲಿ ವಿಷವಿರುತ್ತದೆ. ಹೇಗೂ ಒಣಗುತ್ತದೆ, ಮೇಯಲಿ ಎಂದು ದನ ಬಿಟ್ಟರೆ ಒಂದು ತಾಸಿನೊಳಗೆ ದನ ಹೋದೀತು. ಪಟಾಕಿಯಿಂದ ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಬಿಡುವುದೇ ಮೊದಲ ಮದ್ದು. ಮಸಿ, ಹಲ್ಲುಪುಡಿ ಹಚ್ಚಬೇಡಿ.

ದಸರೆಯಾದ ಮೇಲೆ ಜತ್ತ ಭಾಗದ ಎಷ್ಟೋ ಮನೆಗಳು ಕಬ್ಬು ಕಡಿಯಲು ಗಾಡಿ, ಟ್ರ್ಯಾಕ್ಟರು ಹತ್ತುತ್ತವೆ. ಅವರ ದೀಪಾವಳಿ ಕಾರಖಾನೆಯ ಬದಿಯ ಕೊಪ್ಪಿಗೆಯಲ್ಲಿ. ಹಿಂದೆ ಉಳಿದವರು ಅಜ್ಜ, ಅಜ್ಜಿ, ಶಾಲೆಯ ಮಕ್ಕಳು. ಹೋಗುವವರು ಮಗುವಿನ ಲಸಿಕೆಯ ಚೀಟಿಯನ್ನು ಮರೆಯದೆ ಒಯ್ಯಬೇಕು. ರೇಷನ್ ಕಾರ್ಡಿನ ಕಾಳನ್ನು ಈಗ ದೇಶದ ಯಾವ ಊರಿನಲ್ಲಾದರೂ ಹೆಬ್ಬೆಟ್ಟು ಒತ್ತಿ ಪಡೆಯಬಹುದು, ಗಡಿಯಾಚೆಯ ಕರ್ನಾಟಕದ ಕಾರಖಾನೆಗೆ ಹೋದವರೂ ಕೂಡ. ಉಳಿದ ಮುದುಕರ ಮನೆಯಲ್ಲಿ ದೀಪ ಹಚ್ಚಿದೆಯೋ ಇಲ್ಲವೋ ನೋಡುವುದು ಓಣಿಯವರ ಕೆಲಸ. ಸಾವಾದ ಮನೆಯವರು ಆ ವರ್ಷ ಕರಿಯದಿದ್ದರೆ ನೆರೆಯವರು ಫರಾಳ ಒಯ್ದು ಕೊಡುವ ವಾಡಿಕೆ ನಮ್ಮಲ್ಲಿದೆ. ಬೆಳೆ ಸತ್ತ ಮನೆಗೂ ಅದೇ ತಾಟು ಒಯ್ದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಹೇಳಲು ನಾಲಿಗೆ ಎಳದ ಮಾತನ್ನೂ ಹೇಳಬೇಕಾಗಿದೆ. ಹಬ್ಬದ ದಿನವೇ ಸಾಲಗಾರ ಒಕ್ಕಲಿಗನ ಮನಸ್ಸು ಒಡೆಯುವುದುಂಟು. ಊಟ ಬಿಟ್ಟವನು, ರಾತ್ರಿ ಕಣ್ಣು ಮುಚ್ಚದವನು, ಕಟ್ಟೆಗೆ ಬರುವುದನ್ನು ನಿಲ್ಲಿಸಿದವನು, ನಾನಿಲ್ಲದಿದ್ದರೂ ನಡೆಯುತ್ತದೆ ಎನ್ನುವವನು ಕಣ್ಣಿಗೆ ಬಿದ್ದರೆ ಹತ್ತಿರ ಕುಳಿತು ನೇರವಾಗಿ ಕೇಳಿಬಿಡಿ: ಜೀವಕ್ಕೆ ಏನಾದರೂ ಮಾಡಿಕೊಳ್ಳುವ ವಿಚಾರ ಬರುತ್ತಿದೆಯೇ? ಕೇಳಿದ್ದರಿಂದ ಆ ವಿಚಾರ ಹುಟ್ಟುವುದಿಲ್ಲ. ಹೇಳಿಕೊಂಡವನಿಗೆ ಎದೆಯ ಭಾರ ಇಳಿಯುತ್ತದೆ. ಹೌದೆಂದರೆ ಒಬ್ಬನನ್ನೇ ಬಿಡಬಾರದು. ಹೊಲಕ್ಕೆ ಹೊಡೆಯುವ ಔಷಧದ ಡಬ್ಬಿಗಳನ್ನು ಅಂದೇ ಬೇರೆ ಮನೆಗೆ ಸಾಗಿಸಿ ಕೀಲಿ ಹಾಕಿಸಬೇಕು. 14416ಕ್ಕೆ ಫೋನು ಮಾಡಿದರೆ ಕೇಂದ್ರ ಸರಕಾರದ ಟೆಲಿ ಮಾನಸ್ ಸೇವೆಯವರು ಹಗಲು ರಾತ್ರಿ ಮಾತಾಡುತ್ತಾರೆ. 2022ರಲ್ಲಿ ಶುರುವಾದ ಈ ಸೇವೆಗೆ ಕಾಸಿಲ್ಲ. ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು. ಗಡಿಯಾಚೆಗಿದ್ದೇವೆ, ನಮ್ಮ ಭಾಷೆ ಯಾರಿಗೆ ತಿಳಿದೀತು ಎಂಬ ಸಂಕೋಚ ಬೇಡ.

ಎಳ್ಳಮಾವಾಸ್ಯೆ ಮಾತ್ರ ನಮ್ಮ ಲೆಕ್ಕದಲ್ಲಿ ಬಡವನ ಪಕ್ಷದ ಹಬ್ಬ. ಹೊಸ ಬಟ್ಟೆಯ ಹಂಗಿಲ್ಲ, ಪೇಟೆಯ ಹಂಗಿಲ್ಲ. ಕಾಳುಪಲ್ಲೆ ಕೂಡಿಸಿದ ಭಜ್ಜಿ, ಸಜ್ಜೆ ಕಡಬು, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುವುದು. ಎಳೆ ತೊಗರಿ, ಕಡಲೆ, ಅವರೆ, ಸೊಪ್ಪು ಎಲ್ಲ ಬೀಳುವ ಆ ಭಜ್ಜಿಯಂಥ ಪೌಷ್ಟಿಕ ಊಟ ಯಾವ ಮದುವೆಮನೆಯಲ್ಲೂ ಇಲ್ಲ. ಜೋಳ ಏಳದ ಹೊಲದವರು ಆ ದಿನ ಮನೆಯಲ್ಲೇ ಕೂಡುತ್ತಾರೆ, ಬರಿ ಹೊಲಕ್ಕೆ ಏನು ಚರಗ ಎಂದು. ಹೊಲ ಹಸಿರಾಗಿರುವವರು ಹಿಂದಿನ ಸಂಜೆಯೇ ಅವರ ಮನೆಗೆ ಹೋಗಿ ಬುತ್ತಿಯ ಸಮೇತ ಕರೆದು ಬರಲಿ. ಎರಡು ಮನೆಯ ಬುತ್ತಿ ಒಂದೇ ಬದುವಿನ ಮೇಲೆ ಬಿಚ್ಚಿದರಾಯಿತು. ಕುದಿಸಿದ ನೀರಿನ ಕೊಡವೊಂದು ಜೊತೆಗಿರಲಿ. ಹೊಲದ ಹಳ್ಳದ ನೀರು ಚಳಿಗಾಲದಲ್ಲಿ ತಿಳಿಯಾಗಿ ಕಂಡರೂ ಕುಡಿಯುವುದಕ್ಕಲ್ಲ.