ಮೂವತ್ತು ಸೆಕೆಂಡಿನ ಮಾಫಿ ಯಾವ ಕಾನೂನಿನಲ್ಲಿದೆ?

ಮಹಾರಾಷ್ಟ್ರದ ವಾಳೂಜಿನ ಕೈಗಾರಿಕಾ ವಸಾಹತಿನಲ್ಲಿ ಗಣಪತಿ ಬಿಡುವ ರಾತ್ರಿ ಶಿಫ್ಟ್ ಮುಗಿಸಿ ಬಂದವರಿಗೆ ರಸ್ತೆ ದಾಟುವುದೇ ಒಂದು ಕೆಲಸ. ಒಂದು ಮಂಡಳಿಯದು ನಾಸಿಕ್ ಢೋಲು, ಹಿಂದೆ ಬರುವ ಮಂಡಳಿಯದು ಡಿಜೆ. ನಮ್ಮ ಮಂಗಳೂರು, ಉಡುಪಿಯವರಿಗೆ ಈ ಢೋಲು ಹೊಸದಲ್ಲ, ಅಲ್ಲಿ ಇದಕ್ಕೆ ‘ನಾಸಿಕ್ ಬ್ಯಾಂಡ್’ ಎಂದೇ ಹೆಸರು. ಡಿಜೆಯದು ಬೇರೆ ಗಮ್ಮತ್ತು. ಹಳೆಯ ಸಿನಿಮಾ ಹಾಡು ಪಲ್ಲವಿ ಮುಗಿಸುವಷ್ಟರಲ್ಲಿ ಗಡಸು ದನಿಯೊಂದು ಅಡ್ಡ ಬಂದು, ಇದು ಇಂಥವನ ಮಿಕ್ಸ್ ಎಂದು ಕೂಗಿ ಹೋಗುತ್ತದೆ. ಸಾಹಿತ್ಯ ಒಬ್ಬರದು, ದನಿ ಇನ್ನೊಬ್ಬರದು, ಮೊಹರು ಮಾತ್ರ ಇವನದು.

ಆ ಮೊಹರಿನಿಂದಲೇ ಶುರುವಾಗುವ ಒಂದು ಆಡಿಯೊ ಡಾಕ್ಯುಮೆಂಟರಿ ಮಾಡೋಣ ಎಂದು ಇಲ್ಲಿನ ನಾವು ಕೆಲವು ಕನ್ನಡದ ಗೆಳೆಯರು ಕೂತೆವು. (ಚಿತ್ರವೇ ಇಲ್ಲದ್ದನ್ನು ಸಾಕ್ಷ್ಯಚಿತ್ರ ಎನ್ನಲು ನನಗೆ ಬಾಯಿ ಬರುವುದಿಲ್ಲ.) ಮೊದಲ ದಿನ ಎಲ್ಲರೂ ಬೇರೆಯವರ ಹಾಡು ಬಳಸುವ ಬಗ್ಗೆ ‘ಗೊತ್ತಿರುವುದನ್ನು’ ಒಂದು ಹಾಳೆಯಲ್ಲಿ ಬರೆದೆವು. ಕಾಯ್ದೆ ಬಿಡಿಸಿ ನೋಡಿದಾಗ ಆ ಹಾಳೆಯಲ್ಲಿ ಉಳಿದದ್ದು ಕಡಿಮೆ.

‘ಮೂವತ್ತು ಸೆಕೆಂಡ್ ಒಳಗೆ ಬಳಸಿದರೆ ಯಾರೂ ಕೇಳುವಂತಿಲ್ಲ.’ ಎಲ್ಲರೂ ಪ್ರಮಾಣ ಮಾಡಿ ಹೇಳಿದ ಮಾತಿದು. 1957ರ ಕಾಪಿರೈಟ್ ಕಾಯ್ದೆಯಲ್ಲಿ ಹಾಡಿಗೆ ಸೆಕೆಂಡಿನ ಲೆಕ್ಕವೇ ಇಲ್ಲ. 52ನೇ ಕಲಂ ಕೇಳುವುದು ಎಷ್ಟು ಹೊತ್ತು ಎಂದಲ್ಲ, ಯಾತಕ್ಕೆ ಎಂದು: ಸ್ವಂತದ ಬಳಕೆಗೋ, ಅಧ್ಯಯನಕ್ಕೋ, ವಿಮರ್ಶೆಗೋ, ಪ್ರಚಲಿತ ಸಂಗತಿಯ ವರದಿಗೋ. 2022ರ ನವೆಂಬರಿನಲ್ಲಿ ಭಾರತ್ ಜೋಡೊ ಯಾತ್ರೆಯ ವಿಡಿಯೊಗೆ ‘ಕೆಜಿಎಫ್–2’ ಹಾಡು ಬಳಸಿದ್ದಾರೆಂದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ದೂರು ಕೊಟ್ಟಾಗ, ಅಲ್ಲಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ಸಿನ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಹೇಳಿತು. ಇಷ್ಟಕ್ಕೂ ಅದು 45 ಸೆಕೆಂಡಿನ ತುಣುಕು ಎಂಬುದು ಪಕ್ಷದ ವಾದ. ಮರುದಿನ ಹೈಕೋರ್ಟ್ ಆ ಆದೇಶವನ್ನು ಬದಿಗಿಟ್ಟಿತು ನಿಜ, ಆದರೆ ಆ ಹಾಡು ಇರುವ ಪೋಸ್ಟುಗಳನ್ನು ತೆಗೆಯಬೇಕೆಂಬ ಷರತ್ತಿನ ಮೇಲೆ.

ನಮಗೆ ದಾರಿ ತೋರಿಸಿದ್ದು ಇನ್ನೊಂದು ಮೊಕದ್ದಮೆ. ಬೆಂಗಳೂರಿನ ಗಾಯಕಿ ವಸುಂಧರಾ ದಾಸ್ ಇಂಡಿಯಾ ಟಿವಿಯ ಕಾರ್ಯಕ್ರಮವೊಂದಕ್ಕೆ ಹೋಗಿ, ತಮ್ಮ ಬದುಕಿನ ಕಥೆ ಹೇಳುತ್ತ, ತಾವೇ ಹಾಡಿದ್ದ ಸಿನಿಮಾ ಹಾಡುಗಳ ಸಾಲುಗಳನ್ನು ಗುನುಗಿದರು. ಹಿನ್ನೆಲೆಯಲ್ಲಿ ಚಿತ್ರದ ದೃಶ್ಯಗಳೂ ಓಡಿದವು. ಯಶ್‌ರಾಜ್ ಫಿಲ್ಮ್ಸ್ ಕೋರ್ಟಿಗೆ ಹೋಯಿತು. 2012ರಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ, ಇಷ್ಟು ಕ್ಷುಲ್ಲಕ ಬಳಕೆಗೆ ಕಾನೂನು ತಲೆಕೆಡಿಸಿಕೊಳ್ಳಬೇಕಿಲ್ಲ ಎಂಬ ನ್ಯಾಯವನ್ನು ಒಪ್ಪಿತು. ಆದರೆ ಚಿತ್ರದ ತುಣುಕನ್ನಾಗಲಿ ರೆಕಾರ್ಡಿಂಗನ್ನಾಗಲಿ ಎತ್ತಿ ಹಾಕಲು ಮುಕ್ತ ಪರವಾನಗಿ ಕೊಡಲಿಲ್ಲ. ಹಾಡಿ ತೋರಿಸುವುದು ಬೇರೆ, ರೆಕಾರ್ಡ್ ಹಚ್ಚುವುದು ಬೇರೆ. ಇದು ಗೊತ್ತಾದ ಮೇಲೆ ನಮ್ಮ ಯೋಜನೆಯೇ ತಿರುಗಿತು. ಈಗ ಸಂದರ್ಶನದಲ್ಲಿ ಯಾರಾದರೂ ಒಂದು ಸಾಲು ಗುನುಗಿದರೆ ಅದು ಹಾಗೇ ಉಳಿಯುತ್ತದೆ. ಮೂಲ ರೆಕಾರ್ಡಿಂಗಿನ ತುಣುಕು ಬರಬೇಕಾದರೆ ಅದರ ಬಗ್ಗೆಯೇ ಮಾತು ನಡೆಯುತ್ತಿರಬೇಕು. ವಾತಾವರಣಕ್ಕೆ ಇರಲಿ ಎಂದು ಸುರಿಯುವಂತಿಲ್ಲ.

ಹಾಗಾದರೆ ಮೆರವಣಿಗೆ ರೆಕಾರ್ಡ್ ಮಾಡುವಾಗ ಹಿಂದಿನಿಂದ ತಾನಾಗಿ ನುಗ್ಗುವ ಹಾಡು? ‘ಹಿನ್ನೆಲೆಯಲ್ಲಿ ಬಂದದ್ದಕ್ಕೆ ಲೆಕ್ಕವಿಲ್ಲ’ ಎಂದೂ ಹಾಳೆಯಲ್ಲಿ ಬರೆದಿದ್ದೆವು. ಅಂಥ ವಿನಾಯಿತಿ ಕಾಯ್ದೆಯಲ್ಲಿ ಇದೆ, ಆದರೆ ಸಿನಿಮಾದ ಹಿನ್ನೆಲೆಯಲ್ಲಿ ಕಾಣುವ ಚಿತ್ರ, ಶಿಲ್ಪದಂಥ ಕಲಾಕೃತಿಗೆ ಮಾತ್ರ. ಕಿವಿಗೆ ಬೀಳುವ ಹಾಡಿಗೆ ಅದು ಸಲ್ಲುವುದಿಲ್ಲ.

‘ಮೆರವಣಿಗೆಯಲ್ಲಿ ಬಾರಿಸಿದ ಮಿಕ್ಸು ಕಾನೂನುಬದ್ಧ’ ಎಂಬುದು ಅರ್ಧ ಸತ್ಯ. ಪ್ರಾಮಾಣಿಕ ಧಾರ್ಮಿಕ ಸಮಾರಂಭದಲ್ಲಿ ಹಾಡು ನುಡಿಸಲು, ಹಚ್ಚಲು ಲೈಸೆನ್ಸ್ ಬೇಡ, ಮದುವೆ ದಿಬ್ಬಣವೂ ಅದರಲ್ಲೇ ಸೇರಿದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಮದುವೆ ಹಾಡುಗಳ ವಿಷಯದಲ್ಲಿ ಇದನ್ನೇ ಮತ್ತೆ ನೆನಪಿಸಿತು. ಆದರೆ ಮಾಫಿ ಇರುವುದು ಅಲ್ಲಿ ಹಚ್ಚುವುದಕ್ಕೆ. ಆ ಮಿಕ್ಸ್ ತಯಾರಿಸುವುದಕ್ಕಾಗಲಿ, ಪೆನ್‌ಡ್ರೈವಿಗೆ ತುಂಬಿ ಮಾರುವುದಕ್ಕಾಗಲಿ, ಯೂಟ್ಯೂಬಿಗೆ ಏರಿಸುವುದಕ್ಕಾಗಲಿ ಅಲ್ಲ.

ಕೃಪೆ, ಕ್ರೆಡಿಟ್ ಹಾಕಿದರೆ ಸಾಕು ಎಂಬುದಕ್ಕೆ ಉತ್ತರ ಒಂದೇ ಸಾಲು: ಕೃತಜ್ಞತೆ ಅನುಮತಿಯಲ್ಲ. ದುಡ್ಡು ಮಾಡಿಲ್ಲ ಎಂಬ ಸಮಜಾಯಿಷಿಯೂ ಅಷ್ಟೇ. ಶಿಕ್ಷೆಯ ಕಲಂನಲ್ಲಿ ಕನಿಷ್ಠ ಆರು ತಿಂಗಳು ಎಂದಿದೆ. ಲಾಭಕ್ಕೆ ಮಾಡದಿದ್ದಲ್ಲಿ ಕೋರ್ಟ್ ಕಾರಣ ಬರೆದು ಅದನ್ನು ಇಳಿಸಬಹುದು, ಅಷ್ಟರಿಂದ ತಪ್ಪು ತಪ್ಪಲ್ಲದಂತೆ ಆಗುವುದಿಲ್ಲ.

‘ಹಳೆ ಹಾಡು, ಎಲ್ಲರ ಸ್ವತ್ತು.’ ಇಲ್ಲಿ ಎಡವುವವರು ಹೆಚ್ಚು, ನಾನೂ ಎಡವಿದೆ. ಒಂದು ಹಾಡೆಂದರೆ ಮೂರು ಪದರ: ಸಾಹಿತ್ಯ, ಸ್ವರ ಸಂಯೋಜನೆ, ರೆಕಾರ್ಡಿಂಗ್. ರೆಕಾರ್ಡಿಂಗಿನ ಹಕ್ಕು ಪ್ರಕಟವಾದ ವರ್ಷ ಮುಗಿದ ಮೇಲೆ 60 ವರ್ಷ ಇರುತ್ತದೆ. 1964ರ ಗ್ರಾಮಫೋನ್ ತಟ್ಟೆಯದು 2024ಕ್ಕೆ ಮುಗಿಯಿತು. ಕವಿ, ಸಂಯೋಜಕರದು ಮಾತ್ರ ಅವರು ತೀರಿಕೊಂಡ ವರ್ಷ ಕಳೆದು 60 ವರ್ಷ. ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಕಲಿಸಿದ್ದ ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರ ಕವಿತೆಗೆ 2041ರ ಕೊನೆಯವರೆಗೆ ಹಕ್ಕಿದೆ. ಅವರ ಕವಿತೆ ಹಾಡಿದ 1964ರ ತಟ್ಟೆ ಸಿಕ್ಕರೆ ದನಿ ಮುಕ್ತ, ಮಾತು ಮುಕ್ತವಲ್ಲ. ಜನಪದ ಗೀತೆಯದು ಇದರ ತಿರುಗುಮುರುಗು: ಮಾತು ಊರಿನದು, ಹೊಸ ರೆಕಾರ್ಡಿಂಗ್ ಕಂಪನಿಯದು.

‘ಬೇರೆ ದನಿಯಲ್ಲಿ ಹಾಡಿಸಿದರೆ ತೊಂದರೆ ಇಲ್ಲ’ ಎನ್ನುವವರು ಕ್ಯಾಸೆಟ್ ಕಾಲದಲ್ಲೇ ನಿಂತಿದ್ದಾರೆ. ಆಗ ಮೂಲ ಹಾಡು ಬಂದು ಎರಡು ವರ್ಷವಾದರೆ ನೋಟಿಸ್ ಕೊಟ್ಟು, ರಾಯಲ್ಟಿ ಕಟ್ಟಿ ಬೇರೆಯವರಿಂದ ಹಾಡಿಸಿ ಮಾರಬಹುದಿತ್ತು. ಟಿ–ಸೀರೀಸ್ ಬೆಳೆದ ದಾರಿಗಳಲ್ಲಿ ಅದೂ ಒಂದು. 2012ರ ತಿದ್ದುಪಡಿ ಆ ಬಾಗಿಲನ್ನು ಕಿರಿದು ಮಾಡಿತು: ಐದು ವರ್ಷ ಕಾಯಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ ಕಟ್ಟಬೇಕು (ಓದುಗ, ಕೇಳುಗ ಕಡಿಮೆಯಿರುವ ಭಾಷೆಗೆ ಈ ಸಂಖ್ಯೆ ಇಳಿಸಲು ಅವಕಾಶ ಇದೆ), ತಾಂತ್ರಿಕವಾಗಿ ಅನಿವಾರ್ಯವಲ್ಲದ ಬದಲಾವಣೆ ಮಾಡಬಾರದು. ಬೀಟ್ ಬದಲಿಸದ ರಿಮಿಕ್ಸ್ ಉಂಟೇ?

ಇನ್ನು ಆ ಗಡಸು ದನಿಯ ಮೊಹರು. ‘ರಿಮಿಕ್ಸ್’ ಎಂಬ ಪದಕ್ಕೆ ಕಾಯ್ದೆಯಲ್ಲಿ ಜಾಗವಿಲ್ಲ. ಹಾಡಿನ ಮರುಸಂಯೋಜನೆ ಮೂಲ ಹಕ್ಕುದಾರನ ಕೈಯಲ್ಲೇ ಇರುವ ‘ರೂಪಾಂತರ’ದ ಹಕ್ಕು. ಅನುಮತಿ ಪಡೆಯದೆ ಸಾಹಿತ್ಯ ಅಥವಾ ಸಂಗೀತದ ಹಕ್ಕು ಮುರಿದು ಮಾಡಿದ ರೆಕಾರ್ಡಿಂಗಿಗೆ ಕಾಪಿರೈಟೇ ಹುಟ್ಟುವುದಿಲ್ಲ ಎಂದು 13ನೇ ಕಲಂ ಹೇಳುತ್ತದೆ. ಅಂದರೆ ನಾಳೆ ಇನ್ನೊಬ್ಬ ಡಿಜೆ ಅದೇ ಮಿಕ್ಸನ್ನು ಕದ್ದು ತನ್ನ ಹೆಸರು ಕೂಗಿಸಿದರೆ, ಮೊದಲಿನವನಿಗೆ ಕೋರ್ಟಿನಲ್ಲಿ ತೋರಿಸಲು ಏನೂ ಇಲ್ಲ. ಎಷ್ಟೋ ರಾತ್ರಿ ನಿದ್ದೆಗೆಟ್ಟು ಕೂರಿಸಿದ ಬೀಟು ಅದು. ಈ ಕಲಂ ಓದಿದಾಗ ನನಗೆ ಅವನ ಮೇಲೆ ಕನಿಕರವೇ ಬಂತು.

ನಮ್ಮ ಡಾಕ್ಯುಮೆಂಟರಿಯ ಮೊದಲ ಎರಡು ನಿಮಿಷಕ್ಕೆ ಈಗ ಬರೀ ಢೋಲು ಇಟ್ಟುಕೊಂಡಿದ್ದೇವೆ. ಅದೂ ಪುಕ್ಕಟೆಯಲ್ಲ: ಬಾರಿಸುವವರಿಗೆ ಕಾಯ್ದೆಯಲ್ಲಿ ಕಲಾವಿದರ ಹಕ್ಕಿದೆ. ತಂಡದ ಒಬ್ಬೊಬ್ಬರ ಸಹಿ ಬೇಕು, ಒಪ್ಪಿಗೆ ಪತ್ರ ಮರಾಠಿಯಲ್ಲಿರಬೇಕು, ನಮ್ಮಲ್ಲಿ ಮರಾಠಿ ಚೆನ್ನಾಗಿ ಬರೆಯುವವನು ಈ ವಾರ ನೈಟ್ ಶಿಫ್ಟಿನಲ್ಲಿದ್ದಾನೆ.