ಚಿನ್ನದ ನೆರೆಯ ಪಾಷಾಣ

ಯಾದಗಿರಿ, ಶಹಾಪುರಗಳ ಬೋಳುಗುಡ್ಡಗಳನ್ನು ಕಂಡವರಿಗೆ ಗ್ರಾನೈಟ್ ಶಿಲೆಯ ಪರಿಚಯವಿದ್ದೇ ಇರುತ್ತದೆ. ಸುರಪುರದ ಸೀಮೆಯಲ್ಲಿ ಅದರ ನಡುವೆ ಹಸಿರು ಛಾಯೆಯ ಬೇರೊಂದು ಪುರಾತನ ಶಿಲೆಯ ಪಟ್ಟಿ ಹಾದುಹೋಗಿದೆ. ಭೂವಿಜ್ಞಾನಿಗಳು ಇದನ್ನು ಮಂಗಳೂರು ಪಟ್ಟಿಯೆಂದು ಕರೆಯುತ್ತಾರೆ. ಇದು ಕಡಲತೀರದ ಮಂಗಳೂರಲ್ಲ. ಈ ಸೀಮೆಯದೇ ಒಂದು ಹಳ್ಳಿ. ಕೋಲಾರ, ಹಟ್ಟಿಗಳಂತೆ ಇಲ್ಲಿಯೂ ಹಿಂದೆ ಚಿನ್ನದ ಗಣಿಗಳಿದ್ದವು.

ಚಿನ್ನದ ಅದಿರಿನೊಡನೆ ಅನೇಕ ವೇಳೆ ಆರ್ಸೆನೋಪೈರೈಟ್ ಎಂಬ ಖನಿಜವೂ ಇರುತ್ತದೆ. ಕಬ್ಬಿಣ, ಗಂಧಕ, ಆರ್ಸೆನಿಕ್ ಇವು ಮೂರೂ ಅದರಲ್ಲಿ ಕೂಡಿವೆ. ನಮ್ಮ ಹಿರಿಯರು ಪಾಷಾಣವೆಂದು ಅಂಜುತ್ತಿದ್ದುದು ಈ ಆರ್ಸೆನಿಕ್ಕಿನ ಸಂಯುಕ್ತಗಳಿಗೇ. ಅದಿರನ್ನು ಪುಡಿಮಾಡಿ ಚಿನ್ನವನ್ನು ತೆಗೆದುಕೊಂಡ ಮೇಲೆ ಉಳಿದ ಪುಡಿ ಗಾಳಿ ಮಳೆಗಳಿಗೆ ಸಿಕ್ಕಿದರೆ ಆರ್ಸೆನಿಕ್ ಬಿಡುಗಡೆಯಾಗಿ ಮಣ್ಣನ್ನೂ ನೀರನ್ನೂ ಸೇರಬಲ್ಲದು. ಗಣಿ ಪ್ರದೇಶದ ಕಿರದಳ್ಳಿ ತಾಂಡಾದ ಜನರ ಅಂಗೈ ಅಂಗಾಲುಗಳಲ್ಲಿ ಗಡುಸಾದ ಗಂಟುಗಳೂ ಮೈಮೇಲೆ ಕಪ್ಪು ಚುಕ್ಕೆಗಳೂ ಕಾಣಿಸಿಕೊಂಡಾಗ, ಕಾರಣವನ್ನು ಹುಡುಕಿ ಬಂದವರಲ್ಲಿ ದೀಪಂಕರ ಚಕ್ರವರ್ತಿಯವರು ಪ್ರಮುಖರು.

ಚಕ್ರವರ್ತಿಯವರು ವೈದ್ಯರಲ್ಲ, ರಸಾಯನ ವಿಶ್ಲೇಷಣೆಯಲ್ಲಿ ನುರಿತವರು. ಪಶ್ಚಿಮ ಬಂಗಾಳದಲ್ಲಿ ಇಂತಹುದೇ ಚರ್ಮದ ಬೇನೆಗೆ ಕೊಳವೆ ಬಾವಿಯ ನೀರಿನ ಆರ್ಸೆನಿಕ್ ಕಾರಣವೆಂಬುದನ್ನು 1983ರಲ್ಲಿ ಚರ್ಮವೈದ್ಯ ಕೆ. ಸಿ. ಸಾಹಾ ಗುರುತಿಸಿದ್ದರು. 1988ರಿಂದ ಚಕ್ರವರ್ತಿಯವರು ಜಾದವಪುರ ವಿಶ್ವವಿದ್ಯಾನಿಲಯದಿಂದ ಆ ಹಳ್ಳಿಗಳಲ್ಲಿ ನೀರಿನ ಪರೀಕ್ಷೆಯನ್ನು ಆರಂಭಿಸಿದರು. ಅಲ್ಲಿಂದ ಬಾಂಗ್ಲಾದೇಶ, ಬಿಹಾರಗಳಿಗೂ ಕೆಲಸ ಹಬ್ಬಿತು. 2018ರಲ್ಲಿ ನಿಧನರಾಗುವವರೆಗೆ ಅವರ ಬಾಳೆಲ್ಲ ಈ ಒಂದು ವಿಷದ ಬೆನ್ನು ಹತ್ತಿತ್ತೆಂದರೂ ಸಲ್ಲುತ್ತದೆ.

ಈ ವಿಷಕ್ಕೆ ನೀರಿನಲ್ಲಿ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗುವುದೂ ಇಲ್ಲ. ನೀರು ಇಂಗಿದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಎಂದರೆ ಒಂದು ಲಕ್ಷ ಲೀಟರ್ ನೀರಿನಲ್ಲಿ ಒಂದು ಗ್ರಾಂ. ಇಷ್ಟು ಅಲ್ಪ ಪ್ರಮಾಣವನ್ನು ಅಳೆಯುವುದಾದರೂ ಹೇಗೆ? ಮೊದಲು ನೀರಿಗೆ ಆಮ್ಲವನ್ನೂ ಸೋಡಿಯಂ ಬೋರೋಹೈಡ್ರೈಡನ್ನೂ ಬೆರೆಸುತ್ತಾರೆ. ಆಗ ಆರ್ಸೆನಿಕ್ ಜಲಜನಕದೊಡನೆ ಕೂಡಿ ಆರ್ಸೀನ್ ಎಂಬ ಅನಿಲವಾಗಿ ನೀರಿನಿಂದ ಹೊರಬರುತ್ತದೆ. ಈ ಅನಿಲವನ್ನು ಕಾದ ಸ್ಫಟಿಕದ ನಳಿಗೆಯಲ್ಲಿ ಹಾಯಿಸಿದರೆ ಅದು ಒಡೆದು ಬಿಡಿ ಪರಮಾಣುಗಳಾಗುತ್ತದೆ. ಆ ಪರಮಾಣುಗಳು 193.7 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಹೀರುತ್ತವೆ. ನಳಿಗೆಯ ಮೂಲಕ ಅದೇ ಬೆಳಕನ್ನು ಹಾಯಿಸಿ, ಎಷ್ಟು ಕುಂದಿತೆಂಬುದನ್ನು ಅಳೆದರೆ ಆರ್ಸೆನಿಕ್ಕಿನ ಲೆಕ್ಕ ಸಿಕ್ಕಿತು! ಆರ್ಸೀನನ್ನು ಹೊರಡಿಸಿ ವಿಷವನ್ನು ಪತ್ತೆಮಾಡುವ ಉಪಾಯವನ್ನು ಜೇಮ್ಸ್ ಮಾರ್ಷ್ 1836ರಷ್ಟು ಹಿಂದೆಯೇ ತೋರಿಸಿದ್ದನು. ಆದರೆ ಅವನು ನೆಚ್ಚಿದ್ದುದು ಗಾಜಿನ ಮೇಲೆ ಮೂಡುವ ಕಪ್ಪು ಲೇಪವನ್ನು.

ಚಕ್ರವರ್ತಿಯವರೂ ಅವರ ಸಂಗಡಿಗರೂ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಪರೀಕ್ಷಿಸಿದ 59 ಕೊಳವೆ ಬಾವಿಗಳ ನೀರಿನಲ್ಲಿ ಶೇಕಡಾ 79 ಈ ಮಿತಿಯನ್ನು ಮೀರಿದ್ದವು. ಅತ್ಯಧಿಕವೆಂದರೆ 303 ಮೈಕ್ರೋಗ್ರಾಂ. ಮೇಲ್ಮಣ್ಣಿನ 12 ಮಾದರಿಗಳ ಪೈಕಿ ಆರರಲ್ಲಿ ಕಿಲೋಗ್ರಾಂಗೆ ಎರಡು ಗ್ರಾಂಗಿಂತಲೂ ಹೆಚ್ಚು ಆರ್ಸೆನಿಕ್ ಇತ್ತು. ಕೂದಲು, ಉಗುರುಗಳನ್ನು ಕೊಟ್ಟ 171 ಮಂದಿಯಲ್ಲಿ ಒಬ್ಬರೂ ಇದರಿಂದ ಪಾರಾಗಿರಲಿಲ್ಲ. ಕೂದಲಿನ ಪ್ರೋಟೀನಿನಲ್ಲಿ ಗಂಧಕವಿದೆ; ಆರ್ಸೆನಿಕ್ ಅದಕ್ಕೆ ಅಂಟಿಕೊಳ್ಳುವುದರಿಂದ ಕೂದಲು ಮರೆಯದ ಸಾಕ್ಷಿಯಾಗುತ್ತದೆ. ಪರೀಕ್ಷೆಗೊಳಗಾದ 181 ಜನರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಚರ್ಮದಲ್ಲಿ ಬೇನೆಯ ಗುರುತುಗಳಿದ್ದವು.

ಚರ್ಮದ ಗಂಟುಗಳಲ್ಲಿ ಕೆಲವು ಕಾಲಕ್ರಮದಲ್ಲಿ ಕ್ಯಾನ್ಸರಿಗೆ ತಿರುಗಬಹುದು. ಶ್ವಾಸಕೋಶ, ಮೂತ್ರಕೋಶಗಳಿಗೂ ಈ ಅಪಾಯವುಂಟು. ವಿಚಿತ್ರವೆಂದರೆ ಆರ್ಸೆನಿಕ್ ಜೀವಕೋಶದ ಡಿ.ಎನ್.ಎ.ಯನ್ನು ನೇರವಾಗಿ ಹರಿಯುವುದಕ್ಕಿಂತ ಹೆಚ್ಚಾಗಿ ಅದರ ದುರಸ್ತಿಯನ್ನು ತಡೆಯುತ್ತದೆ. ಬಟ್ಟೆ ನಿತ್ಯ ಹರಿಯುತ್ತಲೇ ಇರುತ್ತದೆ. ಇದು ದರ್ಜಿಯ ಕೈ ಕಟ್ಟಿಹಾಕುತ್ತದೆ. ಹರುಕುಗಳು ಕೂಡಿ ರೋಗವಾಗಲು ಹಲವು ದಶಕಗಳೇ ಬೇಕು.

ಚಿಲಿ ದೇಶದ ಆಂಟೊಫಗಾಸ್ಟಾ ನಗರದ ಕುಡಿಯುವ ನೀರಿನಲ್ಲಿ 1958ರಿಂದ 1970ರವರೆಗೆ ಆರ್ಸೆನಿಕ್ ವಿಪರೀತವಾಗಿತ್ತು. 1970ರಲ್ಲಿ ಶುದ್ಧೀಕರಣ ಆರಂಭವಾಯಿತು. ಆದರೂ ಶ್ವಾಸಕೋಶ, ಮೂತ್ರಕೋಶಗಳ ಕ್ಯಾನ್ಸರಿನ ಸಾವುಗಳು ಆಮೇಲೆಯೂ ದಶಕಗಳ ಕಾಲ ಹೆಚ್ಚಾಗಿಯೇ ಉಳಿದವು. ಆದುದರಿಂದ ತಾಂಡಾದಂತಹ ಊರಿಗೆ ಶುದ್ಧ ನೀರು ತಲುಪಿದ ಮೇಲೂ, ಎಳವೆಯಲ್ಲಿ ಹಳೆಯ ಬಾವಿಯ ನೀರನ್ನು ಕುಡಿದವರನ್ನು ವೈದ್ಯರು ಅವರ ನಡುವಯಸ್ಸು ದಾಟುವವರೆಗೂ ಪರೀಕ್ಷಿಸುತ್ತಿರಬೇಕಾಗುತ್ತದೆ.