ಅನುರಣನ ಯಂತ್ರವೂ ಬಿಸಿತಂಪುಗಳೂ

ಪಾಂಡವಪುರದ ಸೀಮೆಯ ಆಲೆಮನೆಗಳಲ್ಲಿ ಕೊಪ್ಪರಿಗೆಗೆ ಕಬ್ಬಿನ ಹಾಲು ಹೊಯ್ಯದೆ ಒಲೆಗೆ ಉರಿ ಹಾಕುವುದಿಲ್ಲ. ಶಾಖವನ್ನು ಹಾಲು ಹೀರಿಕೊಳ್ಳುತ್ತಿರುವ ತನಕ ಕೊಪ್ಪರಿಗೆಗೆ ಅಪಾಯವಿಲ್ಲ. ಬರಿದಾದ ಕೊಪ್ಪರಿಗೆಯ ತಳವಾದರೋ ಸುಟ್ಟು ಹಾಳಾಗುತ್ತದೆ. ಶಾಖವನ್ನು ಉಂಟುಮಾಡಿದರೆ ಸಾಲದು, ಅದನ್ನು ಒಯ್ಯುವ ವಸ್ತುವೂ ಬೇಕು. ಈ ತತ್ತ್ವವು ಕೋಟ್ಯಂತರ ರೂಪಾಯಿ ಬೆಲೆಬಾಳುವ ಒಂದು ಯಂತ್ರದ ವಿಷಯದಲ್ಲಿಯೂ ಅಷ್ಟೇ ಸತ್ಯ. ಅದೇ ಎನ್‌ಎಂಆರ್ ರೋಹಿತಮಾಪಕ. ಶ್ರೀರಂಗಪಟ್ಟಣ, ನಾಗಮಂಗಲ, ಕೃಷ್ಣರಾಜಪೇಟೆಗಳ ಕಾಲೇಜುಗಳಿಂದ ಮೈಸೂರು ಬೆಂಗಳೂರುಗಳಿಗೆ ತೆರಳಿ ರಸಾಯನಶಾಸ್ತ್ರವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳಲ್ಲಿ ಹಲವರು ಮುಂದೊಂದು ದಿನ ಅದರ ಮುಂದೆ ನಿಲ್ಲತಕ್ಕವರೇ.

ಜಲಜನಕದ ಪರಮಾಣುಬೀಜವು ಒಂದು ಅತಿ ಸಣ್ಣ ಕಾಂತದಂತೆ ವರ್ತಿಸುತ್ತದೆ. ಅದನ್ನು ಪ್ರಬಲವಾದ ಕಾಂತಕ್ಷೇತ್ರದಲ್ಲಿಟ್ಟು ತಕ್ಕ ಆವೃತ್ತಿಯ ರೇಡಿಯೋ ಅಲೆಗಳನ್ನು ಹಾಯಿಸಿದರೆ ಅದು ಶಕ್ತಿಯನ್ನು ಹೀರಿ ಅನುರಣಿಸುತ್ತದೆ. ೧೯೪೬ರಲ್ಲಿ ಅಮೆರಿಕದ ಬ್ಲಾಕ್ ಮತ್ತು ಪರ್ಸೆಲ್ ಇವರ ತಂಡಗಳು ಪ್ರತ್ಯೇಕವಾಗಿ ಪ್ರಕಟಿಸಿದ ಈ ವಿದ್ಯಮಾನಕ್ಕೆ ೧೯೫೨ರ ನೊಬೆಲ್ ಬಹುಮಾನ ಸಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವಗಳಲ್ಲಿ ಇದೇ ಅನುರಣನವನ್ನು ಕುರಿತು ೧೯೫೧ರಲ್ಲಿಯೇ ಲೇಖನವನ್ನು ಪ್ರಕಟಿಸಿದ್ದರು. ಆ ಸಂಸ್ಥೆಯಲ್ಲಿ ೧೯೭೭ರಲ್ಲಿ ಸ್ಥಾಪನೆಯಾದ ಸಲಕರಣಾ ಕೇಂದ್ರವೇ ಇಂದಿನ ಎನ್‌ಎಂಆರ್ ಸಂಶೋಧನ ಕೇಂದ್ರ.

ಪರೀಕ್ಷಾವಸ್ತುವನ್ನು ಬಿಸಿಮಾಡುವ ಅಥವಾ ತಣಿಸುವ ಅಗತ್ಯವೇನು? ಡೈಮೀಥೈಲ್ ಫಾರ್ಮಮೈಡ್ ಎಂಬ ದ್ರವವನ್ನು ನೋಡೋಣ. ಅದರ ಅಣುವಿನಲ್ಲಿ ಸಾರಜನಕಕ್ಕೆ ಅಂಟಿಕೊಂಡ ಎರಡು ಮೀಥೈಲ್ ಗುಂಪುಗಳಿವೆ. ಸಾರಜನಕಕ್ಕೂ ನೆರೆಯ ಇಂಗಾಲಕ್ಕೂ ನಡುವಣ ಬಂಧವು ಸುಲಭವಾಗಿ ತಿರುಗದು. ಆದುದರಿಂದ ಆಮ್ಲಜನಕದ ಕಡೆಗಿರುವ ಗುಂಪು ಒಂದು ರೇಖೆಯನ್ನೂ ಅದರಿಂದ ದೂರವಿರುವ ಗುಂಪು ಇನ್ನೊಂದು ರೇಖೆಯನ್ನೂ ಕೊಡುತ್ತವೆ. ನೂರು ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ ಕಾಯಿಸುತ್ತ ಹೋದರೆ ಬಂಧವು ಬೇಗಬೇಗನೆ ತಿರುಗಿ, ಎರಡು ರೇಖೆಗಳೂ ಕೂಡಿ ಒಂದಾಗುತ್ತವೆ. ಅವು ಕೂಡುವ ಉಷ್ಣತೆಯಿಂದ ಆ ತಿರುಗುವಿಕೆಗೆ ಬೇಕಾದ ಶಕ್ತಿಯನ್ನು ಲೆಕ್ಕಹಾಕಬಹುದು. ಗುಟೋವ್‌ಸ್ಕಿ ಮತ್ತು ಹೋಮ್ ೧೯೫೬ರಲ್ಲಿ ಮಾಡಿ ತೋರಿಸಿದುದು ಇದನ್ನೇ.

ಆದರೆ ಈ ಕಾಯಿಸುವಿಕೆ ನಡೆಯುವ ಸ್ಥಳವು ಬಹು ನಾಜೂಕಾದುದು. ೪೦೦ ಮೆಗಾಹರ್ಟ್ಸ್ ಯಂತ್ರದಲ್ಲಿ ಕಾಂತಕ್ಷೇತ್ರವು ೯.೪ ಟೆಸ್ಲಾ, ಭೂಮಿಯ ಕ್ಷೇತ್ರಕ್ಕಿಂತ ಇದು ಎರಡು ಲಕ್ಷ ಮಡಿಗೂ ಮಿಗಿಲು. ಇದನ್ನುಂಟುಮಾಡುವ ಅತಿವಾಹಕ ತಂತಿಯ ಸುರುಳಿಯು -೨೬೯ ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿರುತ್ತದೆ. ಅದರ ಹೊರಗೆ -೧೯೬ ಡಿಗ್ರಿಯ ದ್ರವ ಸಾರಜನಕದ ಆವರಣವಿದೆ. ನಡುವೆ ಹಾದುಹೋಗುವ, ಸುಮಾರು ಐದು ಸೆಂಟಿಮೀಟರು ಅಗಲದ ಕೊಳವೆಯಲ್ಲಿ ಮಾತ್ರ ಕೋಣೆಯ ಉಷ್ಣತೆ. ಅದರೊಳಗೆ ರೇಡಿಯೋ ಸುರುಳಿಯನ್ನು ಹೊತ್ತ ಶೋಧಕವೂ, ಅದರ ನಡುವೆ ದ್ರಾವಣವಿರುವ ಗಾಜಿನ ನಳಿಗೆಯೂ ಕುಳಿತಿರುತ್ತವೆ. ಸಾರಜನಕ ಅನಿಲವೊಂದು ಕಾವುತಂತಿಯನ್ನು ಹಾದು ಬಂದು ನಳಿಗೆಯ ಸುತ್ತ ಹರಿಯುತ್ತ ಅದನ್ನು ಕಾಯಿಸುತ್ತದೆ. ತಣಿಸಬೇಕಾದಾಗ ಆ ಅನಿಲವನ್ನು ಮೊದಲು ದ್ರವ ಸಾರಜನಕದಿಂದ ತಂಪುಗೊಳಿಸುತ್ತಾರೆ.

ಅನಿಲದ ಹರಿವೇ ಇಲ್ಲಿ ಕೊಪ್ಪರಿಗೆಯ ಹಾಲು. ಹರಿವು ನಿಂತು ಕಾವುತಂತಿ ಮಾತ್ರ ಉರಿಯುತ್ತಿದ್ದರೆ ತಂತಿ ಸುಟ್ಟುಹೋಗುವುದಲ್ಲದೆ ಶೋಧಕದ ಬೆಸುಗೆಗಳೂ ಕರಗಬಹುದು. ಆದುದರಿಂದ ಹರಿವು ಕುಂದಿದೊಡನೆ ವಿದ್ಯುತ್ತನ್ನು ಕಡಿಯುವ ಏರ್ಪಾಟು ಯಂತ್ರದಲ್ಲಿಯೇ ಇರುತ್ತದೆ. ಅದನ್ನು ಯಾವ ಕಾರಣಕ್ಕೂ ನಿಷ್ಕ್ರಿಯಗೊಳಿಸಬಾರದು. ಶೋಧಕದ ಸುತ್ತಣ ಕ್ಷೇತ್ರಶೋಧನೆಯ ಸುರುಳಿಗಳೂ ಶಾಖವನ್ನು ಸಹಿಸಲಾರವು. ಅವನ್ನು ಕೋಣೆಯ ಉಷ್ಣತೆಯ ಮತ್ತೊಂದು ಗಾಳಿಹರಿವು ಕಾಯುತ್ತದೆ.

ತಣಿಸುವುದರಲ್ಲಿ ಅಪಾಯ ಇನ್ನೂ ದೊಡ್ಡದು. ನಡುಗೊಳವೆಯ ತುದಿಗಳಲ್ಲಿ ರಬ್ಬರಿನ ಉಂಗುರಗಳು ಕಾಂತದ ಪಾತ್ರೆಯ ನಿರ್ವಾತವನ್ನು ಕಾಯುತ್ತವೆ. ಅತಿಯಾದ ಚಳಿಗೆ ರಬ್ಬರು ಬಿರುಸಾಗಿ ಕುಗ್ಗಿದರೆ ಹೊರಗಿನ ಗಾಳಿ ಒಳಗೆ ನುಸುಳುವುದು. ನಿರ್ವಾತ ಕೆಟ್ಟರೆ ಶಾಖವು ಹೀಲಿಯಂಗೆ ತಾಕಿ ತಂತಿಯ ಅತಿವಾಹಕತ್ವವೇ ನಾಶವಾಗುತ್ತದೆ. ಆಗ ಕಾಂತದ ಶಕ್ತಿಯೆಲ್ಲವೂ ಶಾಖವಾಗಿ ಮಾರ್ಪಟ್ಟು, ಹೀಲಿಯಂ ಕೆಲವೇ ನಿಮಿಷಗಳಲ್ಲಿ ಕುದಿದು ಹೊರನುಗ್ಗುತ್ತದೆ. ದ್ರವವು ಅನಿಲವಾದಾಗ ಅದರ ಗಾತ್ರ ೭೦೦ ಮಡಿಗೂ ಹೆಚ್ಚುವುದರಿಂದ ಕೋಣೆಯ ಪ್ರಾಣವಾಯು ತೆಳುವಾಗಿ, ಅಲ್ಲಿದ್ದವರ ಪ್ರಾಣಕ್ಕೇ ಸಂಚಕಾರ ಬರಬಹುದು. ಅಂತಹ ಸಮಯದಲ್ಲಿ ಮಾಡತಕ್ಕದ್ದು ಒಂದೇ: ಬಾಗಿಲು ತೆರೆದು ಹೊರಬರುವುದು.

ಮಾಗಿಯ ಬೆಳಗಿನಲ್ಲಿ ಹೇಮಾವತಿಯ ಬಯಲಿನ ಹುಲ್ಲಿನ ಮೇಲೆ ಇಬ್ಬನಿ ಕೂಡುವಂತೆ, ತಣಿದ ಶೋಧಕದ ಮೇಲೂ ಗಾಳಿಯ ತೇವವು ಹಿಮವಾಗಿ ಕೂಡುತ್ತದೆ. ಅದು ಕರಗಿದಾಗ ರೇಡಿಯೋ ಸುರುಳಿಯಲ್ಲಿ ಕಿಡಿ ಹಾರಲು ಅವಕಾಶವಾಗುತ್ತದೆ. ಒಣ ಸಾರಜನಕವನ್ನೇ ಬಳಸುವುದೂ, ಪ್ರಯೋಗ ಮುಗಿದ ಮೇಲೆ ಶೋಧಕವು ಕೋಣೆಯ ಉಷ್ಣತೆಗೆ ಬರುವ ತನಕ ಹರಿವನ್ನು ನಿಲ್ಲಿಸದಿರುವುದೂ ಇದಕ್ಕಾಗಿಯೇ.

ದ್ರಾವಕದ ಆಯ್ಕೆಯೂ ಯಂತ್ರರಕ್ಷಣೆಯ ಒಂದು ಭಾಗ. ಕ್ಲೋರೋಫಾರಂ ೬೧ ಡಿಗ್ರಿಯಲ್ಲಿ ಕುದಿಯುತ್ತದೆ. ಡೈಮೀಥೈಲ್ ಸಲ್ಫಾಕ್ಸೈಡ್ ಸುಮಾರು ೧೮ ಡಿಗ್ರಿಯಲ್ಲಿಯೇ ಗಟ್ಟಿಯಾಗುತ್ತದೆ. ಕುದಿಯುವ ಬಿಂದುವಿಗೂ ಹೆಪ್ಪುಗಟ್ಟುವ ಬಿಂದುವಿಗೂ ಹತ್ತು ಡಿಗ್ರಿಯಷ್ಟಾದರೂ ಅಂತರವನ್ನು ಕಾಯ್ದುಕೊಳ್ಳುವುದು ಕ್ಷೇಮ. ನಳಿಗೆಯನ್ನು ಹಿಡಿಯುವ ಪ್ಲಾಸ್ಟಿಕ್ಕಿನ ಬುಗುರಿಯು ಶಾಖಕ್ಕೆ ಮೆತ್ತಗಾಗುವುದರಿಂದ, ತೀವ್ರ ಉಷ್ಣತೆಗಳಲ್ಲಿ ಪಿಂಗಾಣಿ ಜಾತಿಯ ಬುಗುರಿಯನ್ನು ಬಳಸುತ್ತಾರೆ.

ಕೊನೆಯದಾಗಿ, ಆತುರ ಸಲ್ಲದು. ಲೋಹವಿಗ್ರಹಗಳಿಗೆ ಹೆಸರಾದ ನಾಗಮಂಗಲದ ಎರಕದವರು ಕರಗಿದ ಲೋಹವನ್ನು ತಣ್ಣನೆಯ ಅಚ್ಚಿಗೆ ಹೊಯ್ಯದೆ ಮೊದಲು ಅಚ್ಚನ್ನು ಕಾಯಿಸಿಕೊಳ್ಳುವರು. ಗಾಜು, ಪಿಂಗಾಣಿ, ತಾಮ್ರಗಳು ಬಿಸಿಗೆ ಹಿಗ್ಗುವ ಪ್ರಮಾಣ ಬೇರೆಬೇರೆ. ಉಷ್ಣತೆ ಒಮ್ಮೆಲೇ ಬದಲಾದರೆ ಅವು ಒಂದನ್ನೊಂದು ಜಗ್ಗಿ ಬಿರುಕುಬಿಡುತ್ತವೆ. ಐದೋ ಹತ್ತೋ ಡಿಗ್ರಿಯಂತೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಪ್ರತಿ ಮೆಟ್ಟಿಲಲ್ಲಿಯೂ ಕೆಲವು ನಿಮಿಷ ಕಾಯಬೇಕು. ಈ ಕಾಯುವಿಕೆಯಿಂದ ಇನ್ನೊಂದು ಲಾಭವೂ ಉಂಟು: ಉಷ್ಣತಾಮಾಪಕವಿರುವುದು ನಳಿಗೆಯ ಹೊರಗೆ, ಒಳಗಿನ ದ್ರಾವಣ ಅದೇ ಉಷ್ಣತೆಗೆ ಬರಲು ಹೊತ್ತು ಹಿಡಿಯುತ್ತದೆ. ಯಂತ್ರವನ್ನು ಕಾಪಾಡುವ ತಾಳ್ಮೆಯೇ ಅಳತೆಯನ್ನೂ ನಿಜವಾಗಿಸುತ್ತದೆ.